ನೆಲದಡಿಯ ಚರಂಡಿ ಪೈಪಿನ ದೋಷ: ಥರ್ಮಲ್ ಕ್ಯಾಮೆರಾ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ನೆಲಹಾಸಿನ ಮೂಲೆಯಲ್ಲಿ ಆರದ ತೇವ, ಎಷ್ಟು ಸಲ ತೆಗೆಸಿದರೂ ಮತ್ತೆ ಕಟ್ಟಿಕೊಳ್ಳುವ ಪೈಪು, ಚೇಂಬರಿನ ಪಕ್ಕದಲ್ಲಿ ಇಳಿಯುತ್ತಿರುವ ಕಲ್ಲುಹಾಸು, ಬಿರುಬೇಸಿಗೆಯಲ್ಲೂ ಒಂದೇ ಕಡೆ ಹಸಿರಾಗಿ ನಿಂತ ಹುಲ್ಲು. ಇಂಥ ಲಕ್ಷಣ ಕಂಡಾಗ ಪೈಪು ಕೆಟ್ಟಿದೆ ಎಂದು ಊಹಿಸುವುದು ಸುಲಭ, ಎಲ್ಲಿ ಅಗೆಯಬೇಕು ಎಂದು ಹೇಳುವುದು ಕಷ್ಟ. ಅಲ್ಲಿ ಥರ್ಮಲ್ ಕ್ಯಾಮೆರಾ ಕೆಲಸಕ್ಕೆ ಬರುತ್ತದೆ. ಆದರೆ ಅದನ್ನು ನೆಲದೊಳಗೆ ಇಣುಕುವ ಎಕ್ಸ್‌ರೇ ಎಂದುಕೊಂಡವರು ತಪ್ಪು ಜಾಗದಲ್ಲಿ ಟೈಲ್ಸ್ ಒಡೆಸುತ್ತಾರೆ.

ಈ ಕ್ಯಾಮೆರಾ ಗ್ರಹಿಸುವುದು ಮೇಲ್ಮೈಯಿಂದ ಹೊರಡುವ, ಸುಮಾರು 7.5ರಿಂದ 14 ಮೈಕ್ರಾನ್ ತರಂಗಾಂತರದ ಅವಕೆಂಪು ಕಿರಣಗಳನ್ನು. ಮಣ್ಣು, ಕಾಂಕ್ರೀಟು, ಟೈಲ್ಸ್, ಕೊನೆಗೆ ಕಿಟಕಿಯ ಗಾಜು ಕೂಡ ಈ ಕಿರಣಗಳಿಗೆ ಗೋಡೆಯಿದ್ದ ಹಾಗೆ. ಪೈಪಿನ ಬಿರುಕು ಚಿತ್ರದಲ್ಲಿ ಕಾಣುವುದೇ ಇಲ್ಲ. ಆ ಬಿರುಕಿನಿಂದ ಹೊರಬಿದ್ದ ನೀರೋ ಅದು ಕೊರೆದ ಟೊಳ್ಳೋ ನೆಲದ ಮೇಲ್ಮೈಯ ತಾಪಮಾನವನ್ನು ಅರ್ಧ ಡಿಗ್ರಿಯಷ್ಟಾದರೂ ಬದಲಿಸಿದರೆ ಮಾತ್ರ ನಮಗೆ ಏನೋ ಕಾಣುತ್ತದೆ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಕ್ಯಾಮೆರಾ ಎಷ್ಟು ಒಳ್ಳೆಯದು ಎಂಬುದಲ್ಲ, ಪೈಪು ಎಷ್ಟು ಆಳದಲ್ಲಿದೆ ಎಂಬುದು.

ಆಳದ ಲೆಕ್ಕ

ಶಾಖ ಮಣ್ಣಿನಲ್ಲಿ ಬಹಳ ನಿಧಾನವಾಗಿ ಸಾಗುತ್ತದೆ. ಆಳ ಎರಡು ಪಟ್ಟಾದರೆ ಬೇಕಾಗುವ ಸಮಯ ನಾಲ್ಕು ಪಟ್ಟು. ಸಾಧಾರಣ ಕಾಂಕ್ರೀಟಿನಲ್ಲಿ 5 ಸೆಂ.ಮೀ. ದಾಟಲು ಸುಮಾರು 15 ನಿಮಿಷ, 10 ಸೆಂ.ಮೀ.ಗೆ ಒಂದು ಗಂಟೆ, 20 ಸೆಂ.ಮೀ.ಗೆ ನಾಲ್ಕು ಗಂಟೆ ಹಿಡಿಯುತ್ತದೆ. ಮಣ್ಣಿನಲ್ಲಿ ಇನ್ನೂ ತಡ: 30 ಸೆಂ.ಮೀ.ಗೆ ಹನ್ನೆರಡು ಗಂಟೆ, 60 ಸೆಂ.ಮೀ.ಗೆ ಎರಡು ದಿನ, ಒಂದು ಮೀಟರಿಗೆ ಐದಾರು ದಿನ. ತೇವ ಎಷ್ಟಿದೆ, ಮಣ್ಣು ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ಈ ಅಂಕಿಗಳು ಹೆಚ್ಚುಕಡಿಮೆ ಆಗುತ್ತವೆ. ಆದರೂ ಕೆಲಸದ ಯೋಜನೆಗೆ ಇಷ್ಟು ಸಾಕು.

ಒಂದು ಮೀಟರ್ ಆಳದ ಪೈಪಿಗೆ ನಾಲ್ಕು ಬಕೆಟ್ ಬಿಸಿನೀರು ಸುರಿದು ಅರ್ಧ ಗಂಟೆ ಬಿಟ್ಟು ಚಿತ್ರ ತೆಗೆದರೆ ಏನೂ ಕಾಣದು, ಕಂಡರೆ ಅದು ಪೈಪಿನದ್ದಲ್ಲ. ಬಿಸಿಲಿನ ಶಾಖವನ್ನು ನಂಬಿಕೊಂಡರೂ ಇದೇ ಕಥೆ. ಹಗಲುರಾತ್ರಿಯ ಏರಿಳಿತ ಮಣ್ಣಿನೊಳಗೆ ಪ್ರತಿ 12 ಸೆಂ.ಮೀ.ಗೆ ಸುಮಾರು ಮೂರನೇ ಒಂದು ಪಾಲಿಗೆ ಕುಗ್ಗುತ್ತ ಹೋಗುತ್ತದೆ. 30 ಸೆಂ.ಮೀ. ಆಳದಲ್ಲಿ ನೂರಕ್ಕೆ ಎಂಟರಷ್ಟು ಉಳಿದರೆ ಹೆಚ್ಚು, 60 ಸೆಂ.ಮೀ.ನಲ್ಲಿ ಶೇ. 1ರಷ್ಟೂ ಉಳಿಯದು.

ಇದರ ಅರ್ಥ ಆಳದ ಪೈಪಿಗೆ ಥರ್ಮಲ್ ಕ್ಯಾಮೆರಾ ದಂಡ ಎಂದಲ್ಲ. ಆಳದ ಪೈಪಿನ ದೋಷ ಮೂರು ರೀತಿಯಲ್ಲಿ ಮೇಲೆ ಬರಬಹುದು: ಸೋರಿದ ನೀರು ತೇವವಾಗಿ ಮೇಲೇರಿದಾಗ, ಮಣ್ಣು ಕೊಚ್ಚಿಹೋಗಿ ಆದ ಟೊಳ್ಳು ನೆಲದ ಹತ್ತಿರಕ್ಕೆ ಬೆಳೆದಾಗ, ಅಥವಾ ಬೆಚ್ಚಗಿನ ನೀರು ತಿಂಗಳುಗಟ್ಟಲೆ ಹರಿದು ಸುತ್ತಲ ಮಣ್ಣನ್ನೇ ಬೆಚ್ಚಗಾಗಿಸಿದಾಗ. ಮೂರೂ ನಿಧಾನದ ಕೆಲಸ. ಆದ್ದರಿಂದ ಆಳದ ಪೈಪಿನ ಮೇಲೆ ಏನೂ ಕಾಣಲಿಲ್ಲ ಎಂದರೆ ಪೈಪು ಸರಿಯಿದೆ ಎಂದು ಬರೆದುಕೊಡಬೇಡಿ. ಟೊಳ್ಳು ಇನ್ನೂ ಅರ್ಧ ಮೀಟರ್ ಕೆಳಗೇ ಇರಬಹುದು.

ಆಳ ಗೊತ್ತಿಲ್ಲದಿದ್ದರೆ ಎರಡು ಚೇಂಬರಿನ ಮುಚ್ಚಳ ತೆಗೆದು ನೆಲಮಟ್ಟದಿಂದ ಪೈಪಿನ ತಳಕ್ಕೆ ಅಳೆಯಿರಿ, ಪೈಪಿನ ವ್ಯಾಸ ಕಳೆಯಿರಿ, ನಡುವಿನ ಇಳಿಜಾರು ಒಂದೇ ಸಮ ಎಂದು ಹಿಡಿಯಿರಿ. ಪೈಪಿನ ಹಾದಿಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಗುರುತಿಸಿಕೊಳ್ಳಿ. ಈ ಗೆರೆಯಿಲ್ಲದೆ ತೆಗೆದ ಚಿತ್ರ ಆಮೇಲೆ ಯಾವ ಪ್ರಯೋಜನಕ್ಕೂ ಬಾರದು.

ಕ್ಯಾಮೆರಾ ತೆಗೆಯುವ ಮೊದಲು: ಸೋರಿಕೆ ಇದೆಯೇ?

ಸೋರಿಕೆಯ ಜಾಗ ಹುಡುಕುವ ಮುಂಚೆ ಸೋರಿಕೆ ಇದೆಯೇ ಎಂದು ತಿಳಿಯಬೇಕು. ಅದಕ್ಕೆ ಕ್ಯಾಮೆರಾಕ್ಕಿಂತ ಒಂದು ಪ್ಲಗ್ಗು ಮತ್ತು ತಣ್ಣೀರು ವಾಸಿ.

ತೇವ ಕುಡಿಯುವ ನೀರಿನ ಪೈಪಿನದ್ದೂ ಇರಬಹುದು. ಎಲ್ಲ ನಲ್ಲಿ ಬಂದ್ ಮಾಡಿ ಮೀಟರ್ ನೋಡಿ. ಮುಳ್ಳು ತಿರುಗುತ್ತಿದ್ದರೆ ಚರಂಡಿಯ ತಂಟೆಗೆ ಹೋಗುವುದೇ ಬೇಡ. ಒತ್ತಡದ ಪೈಪು ಹಗಲೂ ರಾತ್ರಿ ಸೋರುತ್ತದೆ, ಚರಂಡಿ ಬಳಸಿದಾಗ ಮಾತ್ರ ಸೋರುತ್ತದೆ. ಮನೆ ನಾಲ್ಕು ದಿನ ಖಾಲಿಯಿದ್ದಾಗ ತೇವ ಇಳಿದರೆ ಅನುಮಾನ ಚರಂಡಿಯ ಮೇಲೆ.

ಕೆಳಗಿನ ಚೇಂಬರಿನಲ್ಲಿ ಪೈಪಿನ ಬಾಯಿಗೆ ಗಾಳಿ ತುಂಬುವ ರಬ್ಬರ್ ಪ್ಲಗ್ ಹಾಕಿ, ಅದರ ಮೇಲೆ ನಮೂದಿಸಿದ ಒತ್ತಡಕ್ಕಷ್ಟೇ ಗಾಳಿ ತುಂಬಿ. ತಣ್ಣೀರು ತುಂಬಿಸಿ, ಮೇಲಿನ ತುದಿಯಲ್ಲಿ ನೇರವಾಗಿ ನಿಲ್ಲಿಸಿದ ತುಂಡು ಪೈಪಿನಲ್ಲಿ ಮಟ್ಟ ಕಾಣುವ ಹಾಗೆ ಮಾಡಿ. ಕಾಂಕ್ರೀಟು, ಸ್ಟೋನ್‌ವೇರ್ ಪೈಪು ಸ್ವಲ್ಪ ನೀರು ಹೀರುವುದರಿಂದ ಒಂದು ಗಂಟೆ ಬಿಡಿ. ಆಮೇಲೆ 30 ನಿಮಿಷ ಮಟ್ಟ ಗಮನಿಸಿ. ಇಎನ್ 1610 ಎಂಬ ಯುರೋಪಿಯನ್ ಮಾನದಂಡ ಹೊಸ ಪೈಪುಗಳಿಗೆ ಇದೇ 30 ನಿಮಿಷದಲ್ಲಿ, ನೀರು ತಾಗುವ ಒಳಮೈಯ ಪ್ರತಿ ಚದರ ಮೀಟರಿಗೆ 0.15 ಲೀಟರ್ ಇಳಿಕೆಯನ್ನು ಒಪ್ಪುತ್ತದೆ. 100 ಮಿ.ಮೀ. ಪೈಪು 6 ಮೀಟರ್ ಉದ್ದವಿದ್ದರೆ ಒಳಮೈ 1.9 ಚದರ ಮೀಟರ್, ಅಂದರೆ ಮಿತಿ ಸುಮಾರು 0.28 ಲೀಟರ್. 100 ಮಿ.ಮೀ. ತುಂಡು ಪೈಪಿನಲ್ಲಿ ಅದು 36 ಮಿ.ಮೀ. ಮಟ್ಟದ ಇಳಿಕೆ. ಆ ಮಾನದಂಡ ಪೈಪಿನ ಮೇಲಂಚಿನಲ್ಲಿ ಕನಿಷ್ಠ ಒಂದು ಮೀಟರ್ ನೀರಿನ ಒತ್ತಡ ಕೇಳುತ್ತದೆ. ಮನೆಯೊಳಗೆ ಅಷ್ಟು ಎತ್ತರ ಸಿಗುವುದಿಲ್ಲ, ಹೆಚ್ಚಿಸಿದರೆ ತಗ್ಗಿನ ಫ್ಲೋರ್ ಟ್ರಾಪಿನಿಂದ, ಅಂದರೆ ಬಚ್ಚಲ ನೆಲದ ಜಾಲರಿ ಕಿಂಡಿಯಿಂದ, ನೀರು ಉಕ್ಕುತ್ತದೆ. ಹಾಗಾಗಿ ಇಲ್ಲಿ ಅಂಕಿಯನ್ನು ತೀರ್ಪು ಎಂದಲ್ಲ, ಅಂದಾಜು ಎಂದು ಹಿಡಿಯಿರಿ.

ಈ ಪರೀಕ್ಷೆಯನ್ನು ಬಿಸಿನೀರಿನಲ್ಲಿ ಮಾಡುವ ಆಸೆ ಬೇಡ. ಒಂದೇ ಸಲಕ್ಕೆ ಎರಡೂ ಕೆಲಸ ಮುಗಿಯಿತೆಂದು ಅನಿಸುತ್ತದೆ, ನಿಜ. ಆದರೆ 45 ಡಿಗ್ರಿಯ ನೀರು 40ಕ್ಕೆ ಇಳಿದರೆ ಗಾತ್ರ ಶೇ. 0.2ರಷ್ಟು ಕುಗ್ಗುತ್ತದೆ. ಮೇಲೆ ಹೇಳಿದ 6 ಮೀಟರ್ ಪೈಪು ಹಿಡಿಯುವ 47 ಲೀಟರಿನಲ್ಲಿ ಅದು ಸುಮಾರು 0.1 ಲೀಟರ್, ಮಟ್ಟದಲ್ಲಿ 12 ಮಿ.ಮೀ. ಇಳಿಕೆ. ಇಲ್ಲದ ಸೋರಿಕೆಯನ್ನು ನೀವೇ ಹುಟ್ಟಿಸಿದಂತೆ.

ಪ್ಲಗ್ ತೆಗೆಯುವಾಗ ಪೈಪಿನ ನೇರಕ್ಕೆ ಯಾರೂ ನಿಲ್ಲಬಾರದು. ಗಾಳಿಯನ್ನು ನಿಧಾನವಾಗಿ ಬಿಡಿ. ಆಳದ ಮ್ಯಾನ್‌ಹೋಲಿಗೆ ಇಳಿಯುವುದಂತೂ ಬೇಡವೇ ಬೇಡ. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಹತ್ತು ಲಕ್ಷಕ್ಕೆ ನೂರು ಭಾಗ ಮುಟ್ಟುವಾಗಲೇ ಮೂಗಿನ ವಾಸನಾಶಕ್ತಿಯನ್ನು ಕುಂದಿಸುತ್ತದೆ. ವಾಸನೆ ನಿಂತಿತು ಎಂದರೆ ಅನಿಲ ಹೋಯಿತು ಎಂದಲ್ಲ. ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಇಳಿಸಿ.

ಕ್ಯಾಮೆರಾದ ಸಜ್ಜು

ಎರಡು ಗುಣ ನೋಡಿ. ತಾಪಮಾನದ ಸೂಕ್ಷ್ಮತೆ 0.05 ಡಿಗ್ರಿ ಅಥವಾ ಅದಕ್ಕಿಂತ ಉತ್ತಮವಿರಲಿ, ಚಿತ್ರದ ಬಿಂದುಗಳು (ಪಿಕ್ಸೆಲ್) 320×240 ಇದ್ದರೆ ಒಳ್ಳೆಯದು. 24 ಡಿಗ್ರಿ ಲೆನ್ಸ್‌ನ 320×240 ಕ್ಯಾಮೆರಾದಲ್ಲಿ ಒಂದು ಬಿಂದು 10 ಮೀಟರ್ ದೂರದಲ್ಲಿ ಸುಮಾರು 13 ಮಿ.ಮೀ. ಜಾಗವನ್ನು ಆವರಿಸುತ್ತದೆ. ನಂಬುವಂಥ ಅಳತೆಗೆ ಕಡಿಮೆಯೆಂದರೆ 3×3 ಬಿಂದು ಬೇಕು, ಅಂದರೆ ಆ ದೂರದಿಂದ 4 ಸೆಂ.ಮೀ.ಗಿಂತ ಸಣ್ಣ ಕಲೆಯ ತಾಪಮಾನ ಓದಬೇಡಿ. ಫೋನಿಗೆ ಸಿಕ್ಕಿಸುವ ಚಿಕ್ಕ ಕ್ಯಾಮೆರಾ ನೆಲಹಾಸಿನ ಕೆಲಸಕ್ಕೆ ಸಾಲುತ್ತದೆ, ಅಂಗಳಕ್ಕೆ ಸಾಲದು.

ಮೊಳಕಾಲೆತ್ತರದ ಚಿತ್ರಗಳಿಗಿಂತ ಏಣಿ ಹತ್ತಿ ತೆಗೆದ ಒಂದು ಚಿತ್ರ ಮೇಲು. ನೇರ ಕೆಳಕ್ಕೆ ನೋಡಿದರೆ ಕಾಂಕ್ರೀಟು, ಡಾಂಬರು, ಮಣ್ಣು ಇವೆಲ್ಲದರ ಉತ್ಸರ್ಜಕತೆ (ಮೇಲ್ಮೈ ಅವಕೆಂಪು ಕಿರಣಗಳನ್ನು ಎಷ್ಟು ಚೆನ್ನಾಗಿ ಹೊರಸೂಸುತ್ತದೆ ಎಂಬ ಅಳತೆ, ಗರಿಷ್ಠ 1) 0.92ರಿಂದ 0.96ರ ನಡುವೆ, ಹಾಗಾಗಿ ಕ್ಯಾಮೆರಾದಲ್ಲಿ 0.95 ಇಟ್ಟುಬಿಡಿ. ಲಂಬರೇಖೆಯಿಂದ 60 ಡಿಗ್ರಿಗಿಂತ ಹೆಚ್ಚು ವಾಲಿದರೆ ಇದು ಬೀಳುತ್ತದೆ, ನೆಲದ ಬದಲು ಆಕಾಶದ ಪ್ರತಿಬಿಂಬ ನೋಡುತ್ತೀರಿ.

ಕೆಲಸದ ಜಾಗಕ್ಕೆ ತಂದು 20 ನಿಮಿಷ ಆನ್ ಮಾಡಿ ಇಟ್ಟಮೇಲೆ ಕ್ಯಾಮೆರಾ ನೆಲೆಗೊಳ್ಳುತ್ತದೆ. ಆಮೇಲೆ ಬಹಳ ಜನ ಮರೆಯುವ ಕೆಲಸ: ಚಿತ್ರದ ಬಣ್ಣಗಳಿಗೆ ಹಂಚುವ ತಾಪಮಾನದ ಹರವನ್ನು ಸ್ವಯಂಚಾಲಿತದಿಂದ ತೆಗೆದು ಕೈಯಿಂದ ಹೊಂದಿಸುವುದು. ಸ್ವಯಂಚಾಲಿತದಲ್ಲಿ ಬಿಟ್ಟರೆ, ಚೌಕಟ್ಟಿನೊಳಗೆ ಒಂದು ಬಿಸಿಲಿನ ತುಣುಕು ಬಂದೊಡನೆ ನಮ್ಮ ಅರ್ಧ ಡಿಗ್ರಿ ವ್ಯತ್ಯಾಸ ಮಾಯವಾಗುತ್ತದೆ. ಇಲ್ಲವೇ ನೆಲವೆಲ್ಲ ಒಂದೇ ಸಮ ಇದ್ದಾಗ ಬರೀ ಸಂವೇದಕದ ಹುಸಿ ಏರಿಳಿತವೇ ಕೆಂಪು ನೀಲಿಯಾಗಿ ರಾರಾಜಿಸುತ್ತದೆ. 4ರಿಂದ 6 ಡಿಗ್ರಿ ಹರವು ಇಟ್ಟು, ಸರಣಿಯುದ್ದಕ್ಕೂ ಅದನ್ನೇ ಉಳಿಸಿಕೊಳ್ಳಿ. ಬಣ್ಣದ ಪಟ್ಟಿಗಿಂತ ಕಪ್ಪುಬಿಳುಪು ಪ್ರಾಮಾಣಿಕ.

ಈ ಯಂತ್ರಗಳ ನಿಖರತೆ ಸಾಮಾನ್ಯವಾಗಿ ±2 ಡಿಗ್ರಿ. ಆದ್ದರಿಂದ "ಇಲ್ಲಿ 27.3 ಡಿಗ್ರಿ ಇದೆ" ಎಂಬ ಮಾತಿಗೆ ಬೆಲೆಯಿಲ್ಲ, "ಪಕ್ಕದ ನೆಲಕ್ಕಿಂತ 0.8 ಡಿಗ್ರಿ ಹೆಚ್ಚು" ಎಂಬುದಕ್ಕೆ ಇದೆ.

ನೆಲಹಾಸಿನ ಅಡಿಯ ಪೈಪು: ಬೆಚ್ಚಗಿನ ನೀರಿನ ಪರೀಕ್ಷೆ

ಪೈಪಿನ ನೆತ್ತಿ ಮೇಲ್ಮೈಯಿಂದ 20 ಸೆಂ.ಮೀ. ಒಳಗಿದ್ದರೆ ಈ ವಿಧಾನಕ್ಕೆ ಸಮನಾದದ್ದಿಲ್ಲ. ನೀರು 45 ಡಿಗ್ರಿ ಇರಲಿ, 50 ದಾಟಬೇಡಿ. ಪಿವಿಸಿ 80 ಡಿಗ್ರಿಯ ಆಸುಪಾಸಿನಲ್ಲಿ ಮೆದುವಾಗುತ್ತದೆ, ಅದಕ್ಕೂ ಬಹಳ ಮೊದಲೇ ಹಿಗ್ಗಿ ಹಳೆಯ ಜಾಯಿಂಟುಗಳನ್ನು ಎಳೆದಾಡುತ್ತದೆ. ಕುದಿಯುವ ನೀರು ಸುರಿದು ಹೊಸ ಸೋರಿಕೆ ಮಾಡಿಕೊಳ್ಳುವುದು ಜಾಣತನವಲ್ಲ. 65 ಡಿಗ್ರಿಯ ಗೀಸರ್ ನೀರಿಗೆ 25 ಡಿಗ್ರಿಯ ತಣ್ಣೀರು ಸಮಸಮ ಬೆರೆಸಿದರೆ 45 ಸಿಗುತ್ತದೆ.

ಪ್ರಮಾಣ: ಒಳವ್ಯಾಸ 100 ಮಿ.ಮೀ. ಇದ್ದರೆ ಮೀಟರಿಗೆ 7.9 ಲೀಟರ್, 150 ಮಿ.ಮೀ. ಇದ್ದರೆ 17.7 ಲೀಟರ್. ಪೈಪು ತುಂಬಿ ನಿಲ್ಲಲೇಬೇಕು. ಹರಿದುಹೋಗುವ ನೀರು ಪೈಪಿನ ತಳವನ್ನಷ್ಟೇ ಮುಟ್ಟುತ್ತದೆ, ಮೇಲಿನ ಅರ್ಧದಲ್ಲಿ ಗಾಳಿ ಕೂತು ಶಾಖವನ್ನು ತಡೆಯುತ್ತದೆ. ಪೈಪಿನ ನೆತ್ತಿಯ ಮೇಲಿನ ಬಿರುಕು ಇಂಥ ಪರೀಕ್ಷೆಗೆ ಎಂದೂ ಸಿಗದು.

1. ಪರೀಕ್ಷೆಗೆ ಮುಂಚೆ ನೆಲ ಒರೆಸಿ, ಪೂರ್ತಿ ಒಣಗಲು ಬಿಡಿ. ಚಾಪೆ, ಪಾತ್ರೆ, ಬಕೆಟ್ ಎತ್ತಿ ಕಡಿಮೆಯೆಂದರೆ ಎರಡು ಗಂಟೆ ಕಳೆಯಲಿ, ಅವುಗಳ ನೆರಳು ಶಾಖದಲ್ಲೂ ಉಳಿಯುತ್ತದೆ. ಫ್ಯಾನು, ಎಸಿ ಬಂದ್ ಮಾಡಿ, ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆಯಿರಿ.

2. ಬಿಸಿನೀರು ಬಿಡುವ ಮೊದಲು ಒಂದು ಚಿತ್ರ ತೆಗೆಯಿರಿ. ಇದಿಲ್ಲದೆ ಉಳಿದದ್ದೆಲ್ಲ ವ್ಯರ್ಥ.

3. ಪ್ಲಗ್ ಹಾಕದೆ ಐದು ನಿಮಿಷ ಬೆಚ್ಚಗಿನ ನೀರು ಹರಿಸಿ. ತಣ್ಣಗಿರುವ ಪೈಪಿನ ಗೋಡೆ ಮೊದಲ ನೀರಿನ ಶಾಖವನ್ನು ನುಂಗಿಬಿಡುತ್ತದೆ.

4. ಪ್ಲಗ್ ಹಾಕಿ ತುಂಬಿಸಿ, ಫ್ಲೋರ್ ಟ್ರಾಪಿನ ಜಾಲರಿಗಿಂತ ಕೆಳಗೆ ಮಟ್ಟ ನಿಲ್ಲಿಸಿ. ಆ ಹೊತ್ತಿಗೆ ಯಾರೂ ಶೌಚಾಲಯ ಬಳಸದ ಹಾಗೆ ಮೊದಲೇ ಹೇಳಿರಬೇಕು.

5. ಒಂದೇ ಜಾಗದಿಂದ, ಸಾಧ್ಯವಾದರೆ ಟ್ರೈಪಾಡ್ ಮೇಲಿಟ್ಟು, ಐದು ನಿಮಿಷಕ್ಕೊಂದು ಚಿತ್ರ. ತೆಳು ನೆಲಕ್ಕೆ ಒಂದು ಗಂಟೆ, 20 ಸೆಂ.ಮೀ.ಗೆ ಐದು ಗಂಟೆ. ತಾಸಿಗೊಮ್ಮೆ ಹೊಸ ಬೆಚ್ಚಗಿನ ನೀರು ಹಾಕಿ.

6. ಪ್ಲಗ್ ತೆಗೆದು ಖಾಲಿ ಮಾಡಿದ ಮೇಲೂ ಒಂದು ಗಂಟೆ ಚಿತ್ರ ತೆಗೆಯುತ್ತಿರಿ. ಅರ್ಧ ಜನ ಇಲ್ಲಿಗೆ ಗಂಟುಮೂಟೆ ಕಟ್ಟುತ್ತಾರೆ, ಇಳಿಜಾರಿನ ದೋಷ ಮಾತ್ರ ಸಿಗುವುದು ಈ ಗಂಟೆಯಲ್ಲೇ.

ಚಿತ್ರ ಏನು ಹೇಳುತ್ತದೆ

ಸರಿಯಿರುವ ಪೈಪು ಒಂದೇ ಅಗಲದ, ಅಂಚು ಮಸುಕಾದ ಬೆಚ್ಚಗಿನ ಪಟ್ಟಿಯಾಗಿ ಕಾಣುತ್ತದೆ. ಟ್ರಾಪ್ ಇರುವಲ್ಲಿ, ಪೈಪು ಮೇಲೇರಿ ನೆಲ ಸೇರುವಲ್ಲಿ ಪಟ್ಟಿ ಪ್ರಖರವಾಗುವುದು ಸಹಜ, ಅದು ಸೋರಿಕೆಯಲ್ಲ.

ಪಟ್ಟಿ ಒಂದು ಕಡೆ ಉಬ್ಬಿ, ಆ ಉಬ್ಬು ಹೊತ್ತು ಹೋದ ಹಾಗೆ ಒಂದು ಬದಿಗೆ ಹರಡುತ್ತಿದ್ದರೆ ಅಲ್ಲಿ ನೀರು ಹೊರಬೀಳುತ್ತಿದೆ. ಒಂದು ಪೈಪಿನ ತುದಿ ಇನ್ನೊಂದರ ಅಗಲ ಬಾಯಿಯೊಳಗೆ ಕೂರುವ ಸಾಕೆಟ್ ಜಾಯಿಂಟಿನಲ್ಲಿ ರಬ್ಬರ್ ರಿಂಗ್ ಮಡಚಿರುವುದು, ಪಿವಿಸಿ ಪೈಪಿನ ಅಂಟು (ಸಾಲ್ವೆಂಟ್ ಸಿಮೆಂಟ್) ಅರ್ಧಕ್ಕೇ ತಾಗಿರುವುದು, ಗೋಡೆ ದಾಟುವಲ್ಲಿ ಪೈಪು ಬಿಗಿಯಾಗಿ ಸಿಕ್ಕಿಕೊಂಡು ಕಟ್ಟಡದ ಕುಸಿತಕ್ಕೆ ಸೀಳಿರುವುದು, ಹೆಚ್ಚಿನ ಸೋರಿಕೆಗಳು ಈ ಮೂರರಲ್ಲಿ ಒಂದು. ಉಬ್ಬಿನ ನಡುವನ್ನಲ್ಲ, ಅದು ಮೊದಲು ಕಾಣಿಸಿಕೊಂಡ ಚಿತ್ರದಲ್ಲಿನ ಜಾಗವನ್ನು ಗುರುತಿಸಿ. ನೀರು ಪೈಪಿನಡಿಯ ಮರಳಿನಲ್ಲಿ ಇಳಿಜಾರಿನ ಕಡೆಗೆ ಸಾಗುತ್ತದೆ. ಒಂದು ಗಂಟೆ ನಂತರದ ಉಬ್ಬಿನ ನಡು ನಿಜವಾದ ಬಿರುಕಿನಿಂದ ದೂರ ಸರಿದಿರುತ್ತದೆ. ಅಗೆದವರು "ಇಲ್ಲಿ ಪೈಪು ಸರಿಯಾಗೇ ಇದೆಯಲ್ಲ" ಎನ್ನುವುದು ಬಹುಮಟ್ಟಿಗೆ ಇದರಿಂದಲೇ.

ಪಟ್ಟಿ ಅರ್ಧದಲ್ಲಿ ನಿಂತರೆ ಮೂರು ಸಾಧ್ಯತೆ: ಅಲ್ಲಿ ಕಟ್ಟಿಕೊಂಡಿದೆ, ಪೈಪು ಆಳಕ್ಕಿಳಿದಿದೆ, ಅಥವಾ ಪೈಪಿನ ಮೇಲಿನ ಮಣ್ಣು ಕುಸಿದು ನೆಲಹಾಸಿನಡಿ ಗಾಳಿಯ ಪದರ ಉಂಟಾಗಿದೆ. ಗಾಳಿಯ ಉಷ್ಣವಾಹಕತೆ ಒದ್ದೆ ಮಣ್ಣಿನದ್ದಕ್ಕಿಂತ ಹಲವು ಹತ್ತು ಪಟ್ಟು ಕಡಿಮೆ, ಆದ್ದರಿಂದ ತೆಳು ಪದರವೂ ಸಾಕು. ನಾಣ್ಯದಿಂದ ಟೈಲ್ಸ್ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಮೂರನೆಯದರ ಅನುಮಾನ ಬಲವಾಗುತ್ತದೆ, ಟೈಲ್ಸ್ ಮಾತ್ರ ಬಿಟ್ಟುಕೊಂಡಿದ್ದರೂ ಅದೇ ಸದ್ದು ಎಂಬುದು ನೆನಪಿರಲಿ.

ಪೈಪು ಖಾಲಿ ಮಾಡಿದ ಮೇಲೆ ಎಲ್ಲ ಕಡೆ ಪಟ್ಟಿ ಕುಂದುತ್ತಿರುವಾಗ ಒಂದು ಮಾರು ಉದ್ದ ಮಾತ್ರ ಬೆಚ್ಚಗೇ ಉಳಿದರೆ, ಅಲ್ಲಿ ನೀರು ನಿಂತಿದೆ. ಪೈಪು ತಗ್ಗಿದೆ. ಮತ್ತೆಮತ್ತೆ ಕಟ್ಟಿಕೊಳ್ಳುವ, ಆದರೆ ಸೋರದ ಪೈಪಿನ ಕಾಯಿಲೆ ಹೆಚ್ಚಾಗಿ ಇದು. ಕೊಬ್ಬು, ಸೋಪಿನ ಗಸಿ ಆ ತಗ್ಗಿನಲ್ಲಿ ಕೂರುತ್ತದೆ. ರಾಡ್ ಹಾಕಿ ತಳ್ಳಿದರೆ ಎರಡು ವಾರ ಚೆನ್ನಾಗಿರುತ್ತದೆ, ಮತ್ತೆ ಅದೇ ಹಾಡು.

ಪಟ್ಟಿಯ ಅಗಲವೂ ಮಾತಾಡುತ್ತದೆ. ಶಾಖ ನೆಲೆಗೊಂಡಾಗ, ನಡುವಿನ ಏರಿಕೆಯ ಅರ್ಧದಷ್ಟು ಉಳಿಯುವ ಜಾಗದಲ್ಲಿ ಅಳೆದರೆ, ಪಟ್ಟಿಯ ಅಗಲ ಸುಮಾರಾಗಿ ಪೈಪಿನ ಆಳದ ಎರಡು ಪಟ್ಟು. 60 ಸೆಂ.ಮೀ. ಆಳದ ಪೈಪು 10 ಸೆಂ.ಮೀ. ಅಗಲದ ಚೂಪು ಗೆರೆಯಾಗಿ ಕಾಣಲು ಸಾಧ್ಯವೇ ಇಲ್ಲ. ಅಂಥ ಗೆರೆ ಕಂಡರೆ ನೆಲದ ತೊಗಟೆಯಲ್ಲೇ ಇರುವ ವಿದ್ಯುತ್ ಕೊಳವೆಯನ್ನೋ ಬಿಸಿನೀರಿನ ಪೈಪನ್ನೋ ಹುಡುಕಿ.

ಅಂಗಳ, ರಸ್ತೆ: ಒಂದೇ ಜಾಗ, ಎರಡು ಹೊತ್ತು

ಹೊರಗೆ ಬಿಸಿಲೇ ನಮ್ಮ ಒಲೆ. ಒಂದು ಚಿತ್ರ ನಡುಹಗಲಿನಲ್ಲಿ, ನೆಲ ಮೂರು ಗಂಟೆಯಾದರೂ ಬಿಸಿಲು ಕುಡಿದ ಮೇಲೆ. ಇನ್ನೊಂದು ಸೂರ್ಯ ಮುಳುಗಿ ಮೂರು ಗಂಟೆಯ ನಂತರ, ಅಥವಾ ಬೆಳಗಿನ ಜಾವ. ಮುಂಜಾನೆ ಬಿಸಿಲೇರುವಾಗ ಮತ್ತು ಸಂಜೆ ಸೂರ್ಯಾಸ್ತದ ಸುತ್ತಮುತ್ತ ಬಿಸಿ ತಂಪುಗಳು ಅದಲುಬದಲಾಗುತ್ತವೆ. ಆ ಹೊತ್ತಿನಲ್ಲಿ ದೊಡ್ಡ ಟೊಳ್ಳು ಕೂಡ ಕಣ್ಣಿಗೆ ಬೀಳದು. ಮಳೆ ಬಂದು ಕನಿಷ್ಠ ಒಂದು ದಿನ ಕಳೆದಿರಬೇಕು, ಜೋರು ಗಾಳಿ ಇರಬಾರದು. ಮೋಡ ಮುಚ್ಚಿದ ದಿನ ಹೋಗಿ ಪ್ರಯೋಜನವಿಲ್ಲ.

ಎರಡು ಚಿತ್ರ ಜೊತೆಗಿಟ್ಟಾಗ ರೋಗ ಬಿಡಿಸಿಕೊಳ್ಳುತ್ತದೆ. ಹಗಲು ಬಿಸಿ, ರಾತ್ರಿ ತಂಪು ಆಗುವ ಕಲೆ ಅಂದರೆ ಕೆಳಗೆ ಟೊಳ್ಳು ಅಥವಾ ಸಡಿಲ ಒಣಮಣ್ಣು. ಮೇಲಿನ ಪದರದ ಶಾಖ ಕೆಳಗಿಳಿಯಲಾಗದೆ ಹಗಲು ಅಲ್ಲೇ ಕೂರುತ್ತದೆ, ರಾತ್ರಿ ಕೆಳಗಿನಿಂದ ಬೆಂಬಲವಿಲ್ಲದೆ ಬೇಗ ಆರುತ್ತದೆ. ಹಗಲು ತಂಪು, ರಾತ್ರಿ ಬೆಚ್ಚಗೆ ಇದ್ದರೆ ಮೇಲ್ಮೈ ಒಣಗಿದ್ದು ಕೆಳಗೆ ತೇವ ತುಂಬಿದೆ. ನೀರಿಗೆ ಶಾಖ ಹಿಡಿದಿಡುವ ಶಕ್ತಿ ಹೆಚ್ಚು. ಎರಡೂ ಹೊತ್ತು ತಂಪಾಗಿದ್ದರೆ ಮೇಲ್ಮೈಯೇ ಒದ್ದೆ, ನೀರು ಆವಿಯಾಗುತ್ತಿದೆ. ಎರಡೂ ಹೊತ್ತು ಬೆಚ್ಚಗಿದ್ದರೆ ಕೆಳಗೆ ಶಾಖದ ಮೂಲ ಇದೆ: ಬೆಚ್ಚಗಿನ ಕೊಳಚೆ, ಹೊರೆ ಹೊತ್ತ ಕೇಬಲ್. ಎರಡರಲ್ಲೂ ಚೂಪು ಅಂಚಿನೊಂದಿಗೆ ಹಾಗೇ ಇದ್ದರೆ ಅದು ತೇಪೆ, ಬಣ್ಣ ಅಥವಾ ಎಣ್ಣೆಯ ಕಲೆ, ಬಿಟ್ಟುಬಿಡಿ.

ಟೊಳ್ಳಿನ ಗುರುತು ಸಿಕ್ಕರೆ ಅದರ ಮೇಲೆ ನಿಂತು ಚಿತ್ರ ತೆಗೆಯಬೇಡಿ. ತೆರೆದ ಜಾಯಿಂಟಿನೊಳಗೆ ನೀರು ಹೋಗಿಬರುವಾಗಲೆಲ್ಲ ಮಣ್ಣನ್ನು ಪೈಪಿನೊಳಕ್ಕೆ ಎಳೆದು ತರುತ್ತದೆ, ಪೊಳ್ಳು ಮೇಲಕ್ಕೆ ಬೆಳೆಯುತ್ತದೆ. ಬಿಸಿಲಿನ ಶಾಖದಲ್ಲಿ ಕಾಣುವಷ್ಟು ಹತ್ತಿರ ಬಂದಿದೆ ಎಂದರೆ ಉಳಿದಿರುವುದು ಗೇಣು, ಗೇಣೂವರೆಯ ಹೊದಿಕೆ. ಮೊದಲು ಹಗ್ಗ ಕಟ್ಟಿ ಜಾಗ ಸುತ್ತುವರಿಯಿರಿ, ವಾಹನ ನಿಲ್ಲಿಸಿ, ಪರೀಕ್ಷೆ ಆಮೇಲೆ.

ಒಳಗಿಂದ ನೋಡುವುದು

ಹೊರಗಿನ ನೀರು ಪೈಪಿನೊಳಕ್ಕೆ ನುಗ್ಗುತ್ತಿದ್ದರೆ ಒಳಗಿಂದ ನೋಡಬೇಕು. ಅಂತರ್ಜಲದ ತಾಪಮಾನ ವರ್ಷವಿಡೀ ಹೆಚ್ಚು ಬದಲಾಗದು, ಕೊಳಚೆ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗೆ. ಜನ ನೀರು ಬಳಸದ ಬೆಳಗಿನ ಜಾವ ಪೈಪಿನ ಗೋಡೆಯಲ್ಲಿ ಒಸರುವ ಜಾಯಿಂಟು ತಂಪು ನಾಲಿಗೆಯ ಹಾಗೆ ಕೆಳಗಿಳಿದು ಕಾಣುತ್ತದೆ. ಪೈಪಿನೊಳಗೆ ತಳ್ಳಿ ನೋಡುವ ಮಾಮೂಲಿ ಸಿಸಿಟಿವಿ ಕ್ಯಾಮೆರಾದ ಗಾಜಿನ ಹಿಂದೆ ಥರ್ಮಲ್ ಸಂವೇದಕ ಕೂರಿಸಿದರೆ ಗಾಜಿನ ತಾಪಮಾನವಷ್ಟೇ ಕಾಣುತ್ತದೆ, ಅವಕೆಂಪು ಕಿರಣಗಳನ್ನು ಒಳಬಿಡುವ ಜರ್ಮೇನಿಯಂ ಕಿಂಡಿ ಬೇಕು. ಪೈಪಿನ ಉದ್ದಕ್ಕೆ ನೇರ ನೋಡಿದರೆ ಒದ್ದೆ ಗೋಡೆ ಬರೀ ಪ್ರತಿಬಿಂಬ ತೋರಿಸುತ್ತದೆ. ಜಾಯಿಂಟಿನ ಬಳಿ ನಿಲ್ಲಿಸಿ ತಲೆಯನ್ನು ಗೋಡೆಗೆ ತಿರುಗಿಸಿ. ಲೆನ್ಸ್ ಮಂಜು ಹಿಡಿಯದಂತೆ ಕ್ಯಾಮೆರಾವನ್ನು ಒಳಗಿನ ಗಾಳಿಗಿಂತ ತುಸು ಬೆಚ್ಚಗಿಟ್ಟು ಇಳಿಸಿ.

ಎಷ್ಟು ಹೊರನೀರು ಸೇರುತ್ತಿದೆ ಎಂದು ಅಂದಾಜಿಸಲು ಚೇಂಬರುಗಳಲ್ಲಿ ಮುಳುಗಿಸುವ ಥರ್ಮಾಮೀಟರ್ ಬಳಸಿ, ±2 ಡಿಗ್ರಿಯ ಕ್ಯಾಮೆರಾ ಇಲ್ಲಿ ನಡೆಯದು. ಮೇಲಿನ ಚೇಂಬರಿನಲ್ಲಿ ಕೊಳಚೆ 28 ಡಿಗ್ರಿ, ಅಂತರ್ಜಲ 24, ಕೆಳಗಿನ ಚೇಂಬರಿನಲ್ಲಿ 26.5 ಬಂದರೆ ಇಳಿಕೆ 1.5. ಅದನ್ನು ಒಟ್ಟು ಅಂತರ 4ರಿಂದ ಭಾಗಿಸಿ: ಕೆಳಗೆ ಹರಿಯುವುದರಲ್ಲಿ ಸುಮಾರು ಶೇ. 38 ಹೊರನೀರು. ಚೇಂಬರುಗಳ ಅಂತರ ಹೆಚ್ಚಿದ್ದು ಹರಿವು ತೀರ ಕಡಿಮೆಯಿದ್ದರೆ ದಾರಿಯಲ್ಲೇ ನೀರು ಆರುತ್ತದೆ, ಆಗ ಈ ಲೆಕ್ಕ ಕೆಡುತ್ತದೆ.

ಉದ್ದನೆಯ ಸಾಲುಗಳಿಗೆ ಪೈಪಿನ ತಳದಲ್ಲಿ ಫೈಬರ್ ಆಪ್ಟಿಕ್ ಕೇಬಲ್ ಹಾಸಿ, ಒಂದೊಂದು ಮೀಟರಿನ ತಾಪಮಾನವನ್ನೂ ದಿನಗಟ್ಟಲೆ ದಾಖಲಿಸುವ ವಿಧಾನ ಇದೆ. ಮಳೆನೀರಿನ ಪೈಪಿಗೆ ಯಾರ ಮನೆಯ ಕೊಳಚೆ ಸೇರಿದೆ ಎಂದು ಹಿಡಿಯಲು ಅದು ಕ್ಯಾಮೆರಾಕ್ಕಿಂತ ಎಷ್ಟೋ ಮೇಲು, ಖರ್ಚೂ ಅಷ್ಟೇ.

ಮೋಸದ ಕಲೆಗಳು

ಕಲೆ ಕಂಡೊಡನೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಕಲೆಯೂ ಸರಿದರೆ ಅದು ಪ್ರತಿಬಿಂಬ, ನಯಗೊಳಿಸಿದ ಗ್ರಾನೈಟಿನ ಮೇಲೆ ನಿಮ್ಮದೇ ದೇಹದ ಬಿಸಿ. ಹೊಳೆಯುವ ಲೋಹದ ಮುಚ್ಚಳ ರಾತ್ರಿ ವಿಪರೀತ ತಣ್ಣಗೆ ತೋರುವುದು ಅದು ತೆರೆದ ಆಕಾಶವನ್ನು ಪ್ರತಿಫಲಿಸುವುದರಿಂದ. ಬೆಳಿಗ್ಗೆ ನಿಂತಿದ್ದ ಕಾರಿನ ನೆರಳು ಮಧ್ಯಾಹ್ನದವರೆಗೂ ಡಾಂಬರಿನಲ್ಲಿ ಅಚ್ಚಾಗಿರುತ್ತದೆ. ನೀರುಣಿಸಿದ ಗಿಡದ ಬುಡ, ಒರೆಸಿದ ನೆಲ, ಮರದ ನೆರಳು ಎಲ್ಲವೂ ಸೋರಿಕೆಯ ವೇಷ ಹಾಕುತ್ತವೆ. ಟೈಲ್ಸ್‌ನ ಗೆರೆಯನ್ನೇ ಅಂಚಾಗಿ ಹೊಂದಿದ ಚೌಕ ಕಲೆ ಟೈಲ್ಸ್ ಅಂಟು ಬಿಟ್ಟದ್ದರ ಗುರುತು. ನೀರು ಟೈಲ್ಸ್ ಲೆಕ್ಕ ಹಾಕಿಕೊಂಡು ಹರಡುವುದಿಲ್ಲ.

ಒಡೆಯುವ ಮುನ್ನ

ಥರ್ಮಲ್ ಚಿತ್ರವೊಂದನ್ನೇ ನಂಬಿ ಗುದ್ದಲಿ ಎತ್ತಬೇಡಿ. ಇನ್ನೊಂದು ಬೇರೆ ಬಗೆಯ ಸಾಕ್ಷಿ ಬೇಕು. ಸಿಸಿಟಿವಿ ಕ್ಯಾಮೆರಾವನ್ನು ಪೈಪಿನೊಳಗೆ ತಳ್ಳಿ, ಅದರ ಕೇಬಲ್ ಉದ್ದವನ್ನು ನೆಲದ ಮೇಲಿನ ಸೀಮೆಸುಣ್ಣದ ಗೆರೆಯೊಂದಿಗೆ ಹೋಲಿಸಿ. ಕ್ಯಾಮೆರಾ ತಲೆಯಲ್ಲಿ ಸೋಂಡ್, ಅಂದರೆ ನೆಲದ ಮೇಲಿನಿಂದ ಜಾಗ ಪತ್ತೆ ಮಾಡಲು ಸಂಕೇತ ಕಳಿಸುವ ಪುಟ್ಟ ಸಾಧನ, ಇದ್ದರೆ ಇನ್ನೂ ಒಳ್ಳೆಯದು. 512 ಹರ್ಟ್ಜ್‌ನದು ಎರಕದ ಕಬ್ಬಿಣದೊಳಗಿಂದಲೂ ಕೇಳುತ್ತದೆ, 33 ಕಿಲೋಹರ್ಟ್ಜ್‌ನದು ಪಿವಿಸಿ, ಸ್ಟೋನ್‌ವೇರ್ ಪೈಪುಗಳಿಗೆ. ಯಾವ ಬಚ್ಚಲಿನ ನೀರು ಎಂಬ ಗೊಂದಲವಿದ್ದರೆ ಒಂದೊಂದಕ್ಕೆ ಒಂದೊಂದು ಬಣ್ಣ ಹಾಕಿ ಬಿಡಿ. ಸಿಸಿಟಿವಿಯಲ್ಲಿ ಏನೂ ಕಾಣದೆ, ಪ್ಲಗ್ ಪರೀಕ್ಷೆಯಲ್ಲಿ ಮಟ್ಟ ಇಳಿದು, ಥರ್ಮಲ್‌ನಲ್ಲಿ ಉಬ್ಬು ಇದ್ದರೆ ಜಾಯಿಂಟಿನ ರಿಂಗನ್ನು ಅನುಮಾನಿಸಿ. ಅದು ಸಾಕೆಟಿನೊಳಗೆ ಅಡಗಿರುವುದರಿಂದ ಕಣ್ಣಿಗೆ ಸಿಗುವುದಿಲ್ಲ. ಆಗ ಎರಡು ಪ್ಲಗ್‌ಗಳ ನಡುವೆ ಒಂದೊಂದೇ ಜಾಯಿಂಟ್ ಇಟ್ಟು ತಣ್ಣೀರಿನ ಪರೀಕ್ಷೆ ಮಾಡಿ.

ಒಡೆಯುವಾಗ ಪೈಪಿನ ಹಾದಿಯಲ್ಲಿ, ಉಬ್ಬು ಮೊದಲು ಕಂಡ ಬಿಂದುವಿನಿಂದ ಇಳಿಜಾರಿನ ಮೇಲ್ಭಾಗಕ್ಕೆ ತೆರೆಯುತ್ತ ಹೋಗಿ. ದುರಸ್ತಿಯಾದ ಮೇಲೆ, ನೆಲ ಮುಚ್ಚುವ ಮೊದಲೇ ತಣ್ಣೀರಿನ ಮಟ್ಟ ಪರೀಕ್ಷೆ ಮುಗಿಸಿ. ಥರ್ಮಲ್ ಚಿತ್ರ ಆ ದಿನ ತೆಗೆದು ಉಪಯೋಗವಿಲ್ಲ: ಹೊಸ ಸಿಮೆಂಟು ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಕ್ಯೂರಿಂಗ್ ನೀರು ಆವಿಯಾಗುವಾಗ ತಂಪಾಗುತ್ತದೆ. ತೇಪೆ ಪೂರ್ತಿ ಒಣಗಿ, ಸುತ್ತಲ ನೆಲದ ತೇವಮಾಪಕದ ಅಂಕಿಗೆ ಬಂದ ಮೇಲೆ, ಮೊದಲ ಸಲ ಎಲ್ಲಿ ಟ್ರೈಪಾಡ್ ಇಟ್ಟಿದ್ದಿರೋ ಅಲ್ಲೇ ಇಟ್ಟು, ಅದೇ ಹರವಿನಲ್ಲಿ, ಅದೇ 45 ಡಿಗ್ರಿಯ ನೀರಿನಲ್ಲಿ ಇನ್ನೊಂದು ಸರಣಿ ತೆಗೆಯಿರಿ.